ಅಭ್ಯರ್ಥಿ ಬಂದರೆಂದು ಗುಡಿಸಿದ ಮೂಲೆ

ನನಗೆ ಕಸದ ಹುಚ್ಚು. ನಗಬೇಡಿ! ಹಸಿ ಕಸ, ಒಣ ಕಸ, ಗೊಬ್ಬರ ಎಲ್ಲವನ್ನೂ ಮೊಬೈಲ್ ನೋಡಿ ನಾನೇ ಕಲಿತದ್ದು. ಹಾಗಾಗಿ ಪಾಲಿಕೆ ಚುನಾವಣೆ ಬಂದಾಗ, ನಮ್ಮ ಅನಗೋಳದ ಓಣಿಗೆ ಬರುವ ಅಭ್ಯರ್ಥಿಗಳನ್ನೆಲ್ಲ ನೀರು, ಗಟಾರು, ಕಸದ ಬಗ್ಗೆ ಕೇಳಿಯೇ ಬಿಡುತ್ತೇನೆ ಅಂದುಕೊಂಡೆ.

ಕಾರಣ ಪಕ್ಕದ ಮನೆಯ ಮಾವಶಿ, ಓಣಿಗೆಲ್ಲ ಚಿಕ್ಕಮ್ಮನಂತಿರುವವರು. ಅವರು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾಪುರದ ಖಾನಾವಳಿಯೊಂದಕ್ಕೆ ಕಳಿಸುತ್ತಾರೆ. ಅವರ ಬಾಗಿಲಿನ ಎದುರು ಮೂಲೆಯಲ್ಲೇ ಇಡೀ ಓಣಿಯ ಕಸ. ಕಸದ ಗಾಡಿ ದೊಡ್ಡ ರಸ್ತೆಯಲ್ಲೇ ಹಾಡು ಹಾಕಿಕೊಂಡು ಹೋಗಿಬಿಡುತ್ತದೆ, ನಮ್ಮ ಇಕ್ಕಟ್ಟು ಓಣಿಗೆ ತಿರುಗುವುದಿಲ್ಲ. ಒಮ್ಮೆ ಖಾನಾವಳಿಯ ಮಾಲೀಕರೇ ರೊಟ್ಟಿ ಒಯ್ಯಲು ಬಂದು ಮೂಗು ಮುಚ್ಚಿಕೊಂಡರು.

"ಮಾವಶಿ, ನಿಮ್ಮ ರೊಟ್ಟಿ ಬಗ್ಗೆ ಮಾತಿಲ್ರಿ. ಆದ್ರ ಈ ನೊಣಾ ನೋಡಿದ್ರ ಗಿರಾಕಿ ಊಟಕ್ಕ ಕುಂದರ್ತಾರೇನು? ಇಲೆಕ್ಷನ್ ಐತಿ, ಯಾರಿಗರ ಹೇಳ್ರಿ. ಅಲ್ಲೀತನಕಾ ತಡೀತೀನಿ. ಆಮ್ಯಾಲ ಬ್ಯಾರೆ ಕಡೆ ನೋಡಬೇಕಾಗತೈತಿ."

ಮೊದಲ ಅಭ್ಯರ್ಥಿ ಬಂದ ಬೆಳಿಗ್ಗೆ ಪ್ರಚಾರದವರು ಬಾರಿಸುವ ಹಲಗೆಯ ಸದ್ದು ಕೇಳಿ ಹೊರಗೋಡಿದೆ. ಮೂಲೆ ಖಾಲಿ! ಹೆಂಗಸರೆಲ್ಲ ಸೇರಿ ಕಸವನ್ನು ಚೀಲಕ್ಕೆ ತುಂಬಿ, ಹಿತ್ತಲಲ್ಲಿ ಬಚ್ಚಿಟ್ಟು, ನೀರು ಚಿಮುಕಿಸಿ, ರಂಗೋಲಿ ಹಾಕಿದ್ದರು. ಮಾವಶಿಯದು ನವಿಲು.

"ಇಷ್ಟ್ ಸ್ವಚ್ಛ ಓಣಿ ನಾ ಎಲ್ಲೂ ನೋಡಿಲ್ರಿ ಅಕ್ಕಾರ!" ಅಂದರು ಅಭ್ಯರ್ಥಿ. ನಾನು ಕಸದ ಮಾತೆತ್ತಿದರೆ, "ಇಲ್ಲೇನ್ ತ್ರಾಸ ಐತಿ ತಂಗಿ? ನೀರಿಂದು ಹೇಳು" ಎಂದು ನಕ್ಕು ಮುಂದೆ ಹೋದರು. ಸಂಜೆಗೆ ಚೀಲಗಳು ಮೂಲೆಗೆ ವಾಪಸ್.

ನಾನು ರೇಗಿದೆ. ಮಾವಶಿ ಅಂದರು, "ಬಾಗಲಿಗೆ ಬಂದವ್ರಿಗೆ ಹೊಲಸ ತೋರಸ್ತಾರೇನ ಹುಚ್ಚಿ?"

ಮುಂದಿನವರು ಬಂದಾಗ ಯಾರೂ ಗುಡಿಸಬಾರದು ಎಂದು ಎಲ್ಲರನ್ನೂ ಒಪ್ಪಿಸಿದೆ. ಒಪ್ಪಿದರು ಕೂಡ. ಆದರೆ ಹಲಗೆ ಕೇಳಿದ್ದೇ ತಡ, ಮಾವಶಿ ಕಸಬರಿಗೆ ಹಿಡಿದು ಹೊರಬಂದರು.

"ಬಿಡ್ರಿ ಮಾವಶಿ!"

"ಸುಮ್ನಿರು. ಪಾಪ, ಅವ್ರ ಕಾಲಾಗ ಸಿಗತೈತಿ."

ಅರ್ಧ ಗುಡಿಸುವಷ್ಟರಲ್ಲಿ ಅಭ್ಯರ್ಥಿ ಬಂದೇಬಿಟ್ಟರು, ಈ ಸಲ ಒಬ್ಬ ಹೆಂಗಸು. ಕೈಮುಗಿಯೋಣ ಎಂದರೆ ಮಾವಶಿಯ ಎರಡೂ ಕೈಯಲ್ಲಿ ಕಸದ ಬುಟ್ಟಿ.

"ಇದನ್ನ ಎಲ್ಲೆ ಒಗೀತೀರ್ರಿ?" ಆಕೆ ಕೇಳಿದರು.

"ನಾನೂ ಅದನ್ನ ಕೇಳಾಕತ್ತೇನ್ರಿ," ಎಂದರು ಮಾವಶಿ. "ಎಲ್ಲೆ ಒಗೀಲಿ?"

ಹಲಗೆ ನಿಂತಿತು. ಆಕೆ ಓಣಿಯ ಬಾಯಿಯನ್ನೊಮ್ಮೆ ತಿರುಗಿ ನೋಡಿದರು. "ದೊಡ್ಡ ಗಾಡಿ ಇಲ್ಲಿ ಬರತೈತಿ ಅಂತ ಸುಳ್ಳ ಹೇಳೂದಿಲ್ರಿ. ಕಸದ ತಳ್ಳುಗಾಡಿ ಆದ್ರ ಬರತೈತಿ. ಸೋತ್ರೂ ಅದನ್ನ ಕೇಳಾಕ ಬರ್ತೀನಿ."

"ಸೋತವ್ರು ತಿರುಗಿ ಬಂದದ್ದ ಯಾರ ನೋಡ್ಯಾರ್ರಿ?" ಹಿಂದಿನಿಂದ ಯಾರೋ ಕಿಚಾಯಿಸಿದರು.

ಆಕೆ ಸೋತರು. ಗೆದ್ದದ್ದು ಮೊದಲು ಬಂದವರು. ಅವರು ಧನ್ಯವಾದ ಹೇಳಲು ಬರುವ ದಿನ ಸೋತ ಆಕೆ ಮೊದಲೇ ಬಂದು ನಮ್ಮ ಕಟ್ಟೆಯ ಮೇಲೆ ಕೂತಿದ್ದರು, ಖರೇ! ಅಂದು ಮಾವಶಿ ಕಸಬರಿಗೆ ಮುಟ್ಟಲಿಲ್ಲ. ಆದರೆ ಬಂದವರಿಗೆ ಮರ್ಯಾದೆ ಬೇಡವೇ? ಕಸದ ರಾಶಿಯ ಸುತ್ತಲೂ ಚೆಂದಗೆ ರಂಗೋಲಿ ಎಳೆದಿದ್ದರು.

ಗೆದ್ದವರು ಅದರ ಮುಂದೆಯೇ ನಿಂತುಬಿಟ್ಟರು. "ಅವತ್ತ ಇದು ಇರಲಿಲ್ಲಲ್ರಿ?"

"ಇತ್ತರಿ ಸಾಹೇಬ್ರ. ನಿಮ್ಮ ಕಣ್ಣಿಗೆ ಬೀಳಬಾರದಂತ ಮುಚ್ಚಿಟ್ಟಿದ್ವಿ," ಎಂದರು ಮಾವಶಿ.

ಕಟ್ಟೆಯ ಮೇಲಿದ್ದಾಕೆ ಎದ್ದು ತಳ್ಳುಗಾಡಿಯ ಮಾತು ತೆಗೆದರು. ಗೆದ್ದವರು ಹೂಮಾಲೆ ಕೊರಳಲ್ಲಿಟ್ಟುಕೊಂಡೇ ಯಾರಿಗೋ ಫೋನ್ ಮಾಡಿದರು.

ಈಗ ತಳ್ಳುಗಾಡಿ ಬರುತ್ತದೆ. ಖಾನಾಪುರದ ಬಸ್ಸಿಗೆ ರೊಟ್ಟಿಯ ಗಂಟು ಇನ್ನೂ ಹತ್ತುತ್ತಿದೆ. ತಳ್ಳುಗಾಡಿ ಬಾರದ ದಿನ ಮಾವಶಿ ಬೈಯುವುದಿಲ್ಲ. ರಂಗೋಲಿ ಡಬ್ಬಿ ತೆಗೆದುಕೊಂಡು ಮೂಲೆಗೆ ಹೋಗುತ್ತಾರೆ. ನಾನು ಫೋಟೋ ತೆಗೆದು ಸಾಹೇಬರಿಗೆ ಕಳಿಸುತ್ತೇನೆ.