ಎರಡನೇ ಹಾಡಿಗೇ ಮಂಗಳ

ನಮ್ಮ ಓಣಿಯ ಬಸವಣ್ಣನ ಗುಡಿಯಲ್ಲಿ ಶ್ರಾವಣ ಸೋಮವಾರದ ಭಜನೆಗೆ ಹತ್ತು ಹಾಡು. ಮೊದಲನೆಯದು ಗಣಪತಿ ಸ್ತುತಿ, ಹತ್ತನೆಯದು ಮಂಗಳ. ಮಂಗಳ ಶುರುವಾಯಿತೆಂದರೆ ಕರ್ಪೂರ, ಕಾಯಿ, ಪ್ರಸಾದ. ಆಮೇಲೆ ಆ ದಿನ ಯಾರೂ ಹಾಡುವಂತಿಲ್ಲ. ಹತ್ತನ್ನೂ ಹಾಡುವವರು ನಮ್ಮ ದೊಡ್ಡಪ್ಪ. ಇಪ್ಪತ್ತಾರು ವರ್ಷ ಹಾಡಿದ್ದಾರೆ. ಜನ ಅಷ್ಟೂ ವರ್ಷ ಕೇಳಿದ್ದಾರೆ ಎನ್ನಲಾರೆ. ಹೋದ ಶ್ರಾವಣದ ನನ್ನ ಡೈರಿಯ ಪ್ರಕಾರ ಸರಾಸರಿ ಹಾಜರಿ ಹದಿನಾಲ್ಕು, ಅದರಲ್ಲಿ ನಿದ್ದೆಯವರು ಐದು.

ಈ ಸಲ ಶ್ರಾವಣಕ್ಕೆ ಹನ್ನೊಂದು ದಿನ ಇರುವಾಗ ದೊಡ್ಡಪ್ಪನ ಗಂಟಲಿಗೆ ಆಪರೇಷನ್ ಆಯಿತು. ಆರು ವಾರ ತುಟಿ ಬಿಚ್ಚಬಾರದೆಂದು ಡಾಕ್ಟರು ಹೇಳಿದರು. ದೊಡ್ಡಮ್ಮ ಇದನ್ನು ಬಹಳ ಧೈರ್ಯದಿಂದ ತೆಗೆದುಕೊಂಡರು. ದೊಡ್ಡಪ್ಪನ ಚಿಂತೆ ಬೇರೆ. ಮೇಲಿನ ಓಣಿಯವರು ಹೊಸ ಕೀಬೋರ್ಡು ಕೊಂಡಿದ್ದರು. ಒಂದೇ ಒಂದು ಸೋಮವಾರ ತಪ್ಪಿದರೂ ಗುಡಿಯ ಭಜನೆ ತಮಗೇ ಬಿಡಿ ಎಂದು ಕೇಳಲು ಕಾದಿದ್ದರು. ದೊಡ್ಡಪ್ಪ ನನ್ನ ಪೆನ್ಸಿಲ್ ಕಸಿದುಕೊಂಡು ನನ್ನ ಡೈರಿಯಲ್ಲೇ ಬರೆದರು: "ಕ್ಯಾಸೆಟ್ ಅದಾವಲ್ಲ."

ಅವರೇ ಹಾಡಿದ ಹಳೆಯ ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ನಮ್ಮೂರು ತಾವರಗೇರಾದಿಂದ ಗಂಗಾವತಿಗೆ ಬಸ್ಸು ಹತ್ತಿದೆ. ಅಲ್ಲಿ ಒಂದು ಅಂಗಡಿಯಲ್ಲಿ ಅವನ್ನು ಫೈಲು ಮಾಡಿಸಿ ಪೆನ್‌ಡ್ರೈವಿಗೆ ಹಾಕಿಸಿದೆ. 1ರಿಂದ 10ರವರೆಗೆ ಹೆಸರಿಟ್ಟವಳು ನಾನೇ. ಮನೆಯ ಟೀವಿಯನ್ನೂ ಅದರ ಸ್ಟ್ರೀಮಿಂಗ್ ಡಬ್ಬಿಯನ್ನೂ ಗುಡಿಗೆ ಹೊತ್ತು ಬಸವಣ್ಣನ ಎಡಗಡೆ ಇಟ್ಟೆ. ಡಬ್ಬಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಒಂದೊಂದು ಫೈಲನ್ನೂ ಬೇರೆ ಬೇರೆಯಾಗಿ ತೆರೆದು ಹತ್ತು ಸೆಕೆಂಡು ಕೇಳಿ ಡೈರಿಯಲ್ಲಿ ಹತ್ತು ಟಿಕ್ ಹಾಕಿದೆ. ಸಾಲಾಗಿ ಬಿಟ್ಟು ನೋಡಲಿಲ್ಲ.

ಮೊದಲ ಸೋಮವಾರ, ಸಂಜೆ 7:05. ಗಣಪತಿ ಸ್ತುತಿ ಸುಸೂತ್ರ. ಅದು ಮುಗಿದದ್ದೇ ನೇರವಾಗಿ ಮಂಗಳ. ಡಬ್ಬಿ ಅಂಕಿಗಳನ್ನು ಅಕ್ಷರಗಳಂತೆ, ಎಡಗಡೆಯಿಂದ ಒಂದೊಂದಾಗಿ ಓದುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಅದರ ಪ್ರಕಾರ 1 ಆದ ಮೇಲೆ 10, ಅನಂತರ 2.

ಹೆಂಗಸರೆಲ್ಲ ಎದ್ದು ನಿಂತರು. ಇಷ್ಟು ಚುರುಕಾಗಿ ಎದ್ದದ್ದನ್ನು ನಾನು ನೋಡಿರಲಿಲ್ಲ. ಪೂಜಾರಿ ಕರ್ಪೂರ ಹಚ್ಚಿ ಬಸವಣ್ಣನಿಗೆ ಬೆಳಗಿ, ಅದೇ ಕೈಯಲ್ಲಿ ಟೀವಿಗೂ ಒಂದು ಸುತ್ತು ಬೆಳಗಿದ. ಮಾತಾಡುವಂತಿಲ್ಲದ ದೊಡ್ಡಪ್ಪ ನಿಲ್ಲಿಸಿ ನಿಲ್ಲಿಸಿ ಎಂದು ಎರಡೂ ಕೈ ಬೀಸತೊಡಗಿದರು.

"ನೋಡ್ರಿ, ಅಣ್ಣಾರಿಗೆ ಭಕ್ತಿ ಉಕ್ಕೇತಿ," ಎಂದಳು ಪಕ್ಕದ ಮನೆಯಾಕೆ. ಇನ್ನಿಬ್ಬರು ತಾವೂ ಕೈ ಎತ್ತಿದರು.

ಜಮಖಾನದ ಕೆಳಗೆ ಸೇರಿದ್ದ ರಿಮೋಟು ನನಗೆ ಸಿಗುವಷ್ಟರಲ್ಲಿ ಕಾಯಿ ಒಡೆದಾಗಿತ್ತು, ಡಬ್ಬಿ ಎರಡನೇ ಹಾಡು ಎತ್ತಿಕೊಂಡಿತ್ತು.

"ಮಂಗಳ ಆದ ಮ್ಯಾಲೆ ಹಾಡಬಾರದವ್ವ, ಬಂದ್ ಮಾಡು," ಎಂದಳು ಮೂಲೆಮನೆಯ ಅಜ್ಜಿ. ಗುಡಿಯ ವಿಷಯದಲ್ಲಿ ಓಣಿಗೆಲ್ಲ ಅವಳ ಮಾತೇ ಕೊನೆ.

"ಅಜ್ಜಿ, ಅದು ಡಬ್ಬಿ ಹಾಡಿದ್ದು. ಆ ಮಂಗಳ ಲೆಕ್ಕಕ್ಕಿಲ್ಲ," ಎಂದೆ.

"ಡಬ್ಬಿ ಮಂಗಳ ಲೆಕ್ಕಕ್ಕಿಲ್ಲಂದ್ರ ಡಬ್ಬಿ ಭಜನಿನೂ ಲೆಕ್ಕಕ್ಕಿಲ್ಲ. ಹಂಗಾದ್ರ ಈ ಸೋಮವಾರ ತಪ್ಪಿದಂಗ ಆತು. ಯಾವುದು ಬೇಕು, ನೀನ ಹೇಳು."

ದೊಡ್ಡಪ್ಪನ ಕಡೆ ನೋಡಿದೆ. ಅವರು ಎಂಟು ಹಾಡು ನುಂಗಿಕೊಂಡು, ಒಡೆದ ಕಾಯಿಯ ಕಡೆ ಬೆರಳು ತೋರಿಸಿದರು. ಭಜನೆ ಮುಗಿದದ್ದು 7:21ಕ್ಕೆ. ಸೋಮವಾರ ಉಳಿಯಿತು. ದೊಡ್ಡಪ್ಪ ಎರಡು ದಿನ ನನ್ನ ಡೈರಿಯಲ್ಲಿ ಏನೂ ಬರೆಯಲಿಲ್ಲ.

ಮುಂದಿನ ವಾರದೊಳಗೆ ಒಂದರಿಂದ ಒಂಬತ್ತರವರೆಗೆ ಮೊದಲಿಗೊಂದು ಸೊನ್ನೆ ಸೇರಿಸಿ 01, 02 ಎಂದು ಹೆಸರು ಬದಲಿಸಿದೆ. ಮೊದಲಿಂದ ಕೊನೆಯವರೆಗೆ ಮನೆಯಲ್ಲಿ ಮೂರು ಸಲ ಓಡಿಸಿ ನೋಡಿದೆ. ಮೂರನೆಯ ಸಲಕ್ಕೆ ದೊಡ್ಡಮ್ಮ ಕುಷ್ಟಗಿಯ ತಂಗಿಯ ಮನೆಗೆ ಹೋದರು.

ಎರಡನೇ ಸೋಮವಾರ ಗುಡಿಯಲ್ಲಿ ಮೂವತ್ತೊಂದು ಜನ. ಭಜನೆ ಹದಿನಾರು ನಿಮಿಷಕ್ಕೆ ಮುಗಿಯುತ್ತದೆಂಬ ಸುದ್ದಿ ಹಬ್ಬಿತ್ತು. ಮೇಲಿನ ಓಣಿಯಿಂದಲೂ ಇಬ್ಬರು ಬಂದಿದ್ದರು. ಗಣಪತಿ ಸ್ತುತಿ ಮುಗಿದಾಗ ಎಲ್ಲರೂ ಎದ್ದರು. ಎರಡನೇ ಹಾಡು ಬಂತು. ಕೂತರು. ಮೂರನೆಯದು ಮುಗಿದಾಗ ಪಕ್ಕದ ಮನೆಯಾಕೆ ನನ್ನ ಕಿವಿಗೆ ಬಾಗಿದಳು.

"ಯವ್ವಾ, ಮಂಗಳ ಯಾವಾಗ ಬರ್ತೈತಿ?"

"ನಡುವ ಇನ್ನ ಆರು ಹಾಡು ಅದಾವ್ರಿ."

"ಅಯ್ಯ, ಒಲಿ ಮ್ಯಾಲೆ ಹಾಲಿಟ್ಟು ಬಂದೀನಿ."

ಆ ಸಂಜೆ ಓಣಿಯಲ್ಲಿ ಬಹಳ ಹಾಲು ಒಲೆಯ ಮೇಲಿತ್ತು. ನಾಲ್ಕನೇ ಹಾಡಿಗೆ ಇಪ್ಪತ್ತನಾಲ್ಕು ಜನ, ಆರನೆಯದಕ್ಕೆ ಹದಿನೇಳು. ಪೂಜಾರಿ ಮೆಲ್ಲಗೆ, "ತಂಗಿ, ಆ ಹತ್ತನೇದ್ನ ಈಗ ಒತ್ತಾಕ ಬರಂಗಿಲ್ಲೇನು?" ಎಂದ. ದೊಡ್ಡಪ್ಪ ರಿಮೋಟನ್ನು ನನ್ನ ಕೈಯಿಂದ ತೆಗೆದು ಒಳಕಿಸೆಗೆ ಹಾಕಿಕೊಂಡು ಅಂಗಿಯ ಗುಂಡಿ ಹಾಕಿದರು. ಕಣ್ಣು ಮುಚ್ಚಿ ತಾಳ ಹಾಕುತ್ತ ಕೂತರು. ಹಾಡು ಮುಗಿದಾಗೊಮ್ಮೆ ಒಂದು ಕಣ್ಣು ತೆರೆದು ಬಾಗಿಲ ಕಡೆ ನೋಡುತ್ತಿದ್ದರು.

ಮಂಗಳ ಅದರ ಜಾಗದಲ್ಲೇ ಬಂತು, 8:26ಕ್ಕೆ. ತಲೆ ಎಣಿಸಿ, ಕೊನೆಯವರೆಗೆ ಕೇಳಿದವರು ಹತ್ತು ಎಂದು ಬರೆದೆ. ದೊಡ್ಡಪ್ಪ ಡೈರಿ ಎಳೆದುಕೊಂಡು ಹತ್ತನ್ನು ಹೊಡೆದುಹಾಕಿ ಒಂಬತ್ತು ಮಾಡಿದರು. ಕೆಳಗೆ ಬರೆದರು: "ನನ್ನ ಎಣಿಸಬ್ಯಾಡ. ನಾ ಕೇಳಾಕ ಬಂದಿಲ್ಲ, ಹಾಡಾಕ ಬಂದೀನಿ."