ಜಯಮ್ಮನ ಮಷೀನಿನಲ್ಲಿ ನನ್ನ ಬಿಳಿ ಶೂ

ತಾರಸಿಯ ವಾಷಿಂಗ್ ಮಷೀನಿಗೆ ಶೂ ಹಾಕಲು ಹೋಗಿ ಇವತ್ತು ಸಿಕ್ಕಿಬಿದ್ದೆ, ಗೆಳೆಯರೇ. ರಾಜಗೋಪಾಲನಗರದ ನಮ್ಮ ವಠಾರದವರಿಗೆಲ್ಲ ಇರುವುದು ಅದೊಂದೇ. ಮನೆ ಓನರ್ ಜಯಮ್ಮ ಪ್ರತಿ ಶುಕ್ರವಾರ ಅದಕ್ಕೆ ಕುಂಕುಮ ಇಡುತ್ತಾರೆ.

"ಪೂಜೆ ಮಾಡಿರೋ ಮಿಷನ್ನಿಗೆ ಕಾಲಿಗಾಕೋದನ್ನ ತುಂಬ್ತೀಯೇನವ್ವಾ? ಕೆಟ್ಟೋದ್ರೆ?"

"ಏನೂ ಆಗಂಗಿಲ್ರಿ ಅಕ್ಕಾರ. ಮಣ್ಣು ಉದುರಿಸಿ, ಲೇಸ್ ಬಿಚ್ಚಿ, ದಿಂಬಿನ ಕವರ್‌ನ್ಯಾಗ ಕಟ್ಟೀನಿ. ಬಡೀಬಾರ್ದಂತ ಎರಡು ಟವೆಲ್ಲೂ ಹಾಕ್ತೀನಿ."

ಅಲ್ಲೇ ಕೆಟ್ಟಿತು. "ತಲೆ ಇಡೋ ದಿಂಬಿನ ಕವರಿಗಾ!"

ನಾನು ಗಂಟನ್ನು ಹಿಂದಕ್ಕೆ ಎತ್ತಿಕೊಂಡೆ. ಅವರು ಕೊಂಚ ಯೋಚಿಸಿ, ಸೆರಗಿನಿಂದ ಮಷೀನಿನ ಕುಂಕುಮ ಒರೆಸಿದರು. "ಈಗ ಆಕು. ತೊಳೆದ್ಮೇಲೆ ಮತ್ತೆ ಇಡ್ತೀನಿ."

ತಣ್ಣೀರು, ನಿಧಾನದ ಸುತ್ತು. ಗಾಜಿನಾಚೆ ನೊರೆ ಏರಿ ಇಳಿಯುತ್ತಿತ್ತು. ಬಿಳಿ ಗಂಟು ತೇಲಿ ಬಂದು ಮತ್ತೆ ಮರೆಯಾಗುತ್ತಿತ್ತು. ಇಬ್ಬರೂ ಅದರ ಮುಂದೆ ಕೂತುಬಿಟ್ಟೆವು. ಪಕ್ಕದ ವರ್ಕ್‌ಶಾಪಿನ ಸದ್ದೂ ಎಲ್ಲೋ ದೂರ ಹೋದಂತಿತ್ತು.

"ನಮ್ಮ ಕೆರೇಲಿ ಬಾತುಕೋಳಿಗಳು ಇಂಗೇ ಮುಳುಗಿ ಏಳೋವು," ಎಂದರು ಜಯಮ್ಮ.

"ಎಲ್ಲೈತ್ರಿ ಆ ಕೆರಿ?"

"ನೀನು ಕೂತಿರೋದೇ ಅದ್ರೊಳಗೆ ಕಣವ್ವಾ."

ತಾರಸಿಯಾಚೆ ಒತ್ತೊತ್ತಾಗಿ ನಿಂತ ಮನೆಗಳನ್ನು ನೋಡುತ್ತಾ ಕೂತೆ. ಮಷೀನ್ ನಿಂತದ್ದೂ ತಡವಾಗಿ ತಿಳಿಯಿತು.

ಶೂ ಮಲ್ಲಿಗೆಯಂತೆ ಹೊರಬಂತು. ಜಯಮ್ಮ ಮಷೀನಿಗೆ ಮತ್ತೆ ಕುಂಕುಮ ಇಟ್ಟರು. ಬೆರಳಲ್ಲಿ ಉಳಿದದ್ದನ್ನು ಒದ್ದೆ ಶೂಗಳ ತುದಿಗೂ ಹಚ್ಚಿ, "ಸ್ನಾನ ಆಯ್ತಲ್ಲ. ನಿನ್ನ ದಿನಾ ಕೆಲ್ಸಕ್ಕೆ ಕರ್ಕೊಂಡೋಗೋದು ಇವೇ ತಾನೆ?" ಎಂದರು.

ಈಗ ನೆರಳಲ್ಲಿ ಒಣಗುತ್ತಿರುವ ಬಿಳಿ ಶೂ ಮೇಲೆ ಎರಡು ಕೆಂಪು ಕಲೆ. ಮತ್ತೆ ತೊಳೆಯಲೇಬೇಕು. ಪೂಜೆಯಾದ ಶೂ ತೊಳೆಯಲೇ ಎಂದು ಜಯಮ್ಮನನ್ನು ಕೇಳುವವರು ಯಾರು?