ಸೋಮಪ್ಪ ಕುಡುಕನಲ್ಲ

ಹಗರಿಬೊಮ್ಮನಹಳ್ಳಿಯ ಮಂಜಮ್ಮ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಳಾದಾಗ ಊರಿನ ಸಂಘವೊಂದು ಸನ್ಮಾನ ಇಟ್ಟುಕೊಂಡಿತು. ಕೊಟ್ಟೂರು, ಹಡಗಲಿ ದಾರಿಯಲ್ಲಿ ಅವಳ ಗಂಟಲು ಕೇಳದವರು ಕಡಿಮೆ. ಮಲ್ಲಿಗೆ ಬುಟ್ಟಿ ತರುವ ಹೆಂಗಸರಿಗೆ ಜಾಗ ಮಾಡಿಕೊಡುತ್ತಿದ್ದಳು. ಟಿಕೆಟ್ ತೆಗೆಯದೆ ಜೋರು ಮಾಡುವವರನ್ನು ಯಾರ ಮಗನೆಂದು ನೋಡದೆ ಇಳಿಸುತ್ತಿದ್ದಳು. ಮೊದಲ ಬಸ್ಸಿನ ಪಾಳಿ ಇದ್ದಾಗೆಲ್ಲ ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಿದ್ದವನು ಗಂಡ ಸೋಮಪ್ಪ. ಓಣಿಯವರು ನಕ್ಕರೂ ಅವನು ಬಿಟ್ಟಿರಲಿಲ್ಲ.

ಸನ್ಮಾನದ ದಿನ ಸೋಮಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಸಂಘದ ಕಾರ್ಯದರ್ಶಿ ಅರುಣಕುಮಾರ್ ಮೊಬೈಲ್ ನೋಡಿಕೊಂಡು ಪರಿಚಯ ಓದಿದ: “ಕುಡುಕ ಗಂಡನ ಹೊಡೆತ ಸಹಿಸಿ, ಕಣ್ಣೀರಿನಲ್ಲೇ ಮಕ್ಕಳನ್ನು ಬೆಳೆಸಿದ ದಿಟ್ಟ ಮಹಿಳೆ...”

ಜನ ಚಪ್ಪಾಳೆ ತಟ್ಟಿದರು. ಸೋಮಪ್ಪ ತಲೆ ತಗ್ಗಿಸಿದ.

ಮಂಜಮ್ಮ ಎದ್ದು ಮೈಕು ಕಸಿದುಕೊಂಡಳು. “ನಿಲ್ಲಸ್ರಿ! ಯಾರ್ ಹೇಳಿದ್ರು ನಿಮಗ ಇದನ್ನ?”

ಅರುಣಕುಮಾರ್ ತಡವರಿಸಿದ. “ಎಐ ಕಡಿಂದ ಬರೆಸಿದ್ದು, ಅಕ್ಕಾರ. ನಿಮ್ಮ ಹೆಸರು, ಊರು, ಕೆಲಸ, ಕಷ್ಟಪಟ್ಟು ಮ್ಯಾಲೆ ಬಂದೋರು ಅಂತ, ಅಷ್ಟ ಕೊಟ್ಟಿದ್ದೆ.”

“ನಮ್ಮ ಮನಿಯವ್ರು ಅದಕ್ಕ ಹೆಂಗ ಗೊತ್ತು?”

“ಅದಕ್ಕ ಯಾರೂ ಗೊತ್ತಿರಂಗಿಲ್ರಿ. ರಾಶಿಗಟ್ಲೆ ಬರಹ ಓದಿಸಿರ್ತಾರ. ಯಾವ ಮಾತಿನ ಹಿಂದ ಯಾವ ಮಾತು ಬರ್ತೈತಿ ಅಂತ ಅಂದಾಜು ಮಾಡಿ ಜೋಡಿಸ್ತೈತಿ. ಹೆಣ್ಮಗಳು, ಕಷ್ಟ ಅಂದ್ಕೂಡ್ಲೆ ಕುಡುಕ ಗಂಡ ಅಂತ ಬಂದೈತಿ.”

“ನಮ್ಮಂಥೋರ ಬಾಳೇವು ಎಲ್ಲಾ ಒಂದೇ ಅಚ್ಚಿನಾಗ ಹೊಯ್ದಿದ್ದೇನು? ಅದಕ್ಕ ಗೊತ್ತಿಲ್ಲ, ಹೋಗ್ಲಿ. ಪಕ್ಕದ ಓಣಿಯಾಗ ಇರೋ ನನ್ನ ಬಂದು ಕೇಳಾಕ ನಿಮಗೇನಾಗಿತ್ತು? ಓದೋವಾಗ ಎದುರಿಗೆ ಕುಂತ ಮನುಷ್ಯಾನ ಮುಖ ಕಾಣ್ಲಿಲ್ಲೇನು?”

ಶಾಲು, ಹಾರ ಯಾವುದನ್ನೂ ಮುಟ್ಟದೆ ಅವಳು ಸೋಮಪ್ಪನ ಕೈ ಹಿಡಿದು ಹೊರನಡೆದಳು.

ಆದರೆ ಕಾರ್ಯಕ್ರಮಕ್ಕೆ ಮೊದಲೇ ಆ ಪರಿಚಯ ಹತ್ತಾರು ವಾಟ್ಸಾಪ್ ಗುಂಪುಗಳನ್ನು ಸೇರಿತ್ತು. ಅರುಣಕುಮಾರ್ ಮನೆಗೆ ಬಂದು ಕ್ಷಮೆ ಕೇಳಿ, ತಾನು ಹಾಕಿದ್ದನ್ನು ಅಳಿಸಿದ. ಬೇರೆಯವರು ಹಂಚಿದ್ದನ್ನು ಅಳಿಸುವುದು ಅವನ ಕೈಯಲ್ಲಿರಲಿಲ್ಲ.

ಒಂದು ಸಂಜೆ ಸೋಮಪ್ಪ ಕ್ಷೌರ ಮಾಡಿಸಿಕೊಂಡು ಬಂದವನೇ ನಗುತ್ತ ಹೇಳಿದ: “ಅಂಗಡ್ಯಾಗ ಗುರುತಿಲ್ಲದೋನೊಬ್ಬ ಕೇಳಿದ, ‘ಕುಡಿಯೋದು ಬಿಟ್ರೇನ್ರಿ ಹಿರಿಯಾರ? ಛಲೋ ಆತು’ ಅಂತ.”

ಮಂಜಮ್ಮ ನಗಲಿಲ್ಲ. “ಅಂವ ಇನ್ನೂ ಅಲ್ಲೇ ಅದಾನೇನು?” ಎಂದು ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು.